ಕುರ್ಚಿಯಿಂದ ಕೈಯೂರದೆ ಏಳುವ ತನಕ: ಹಿರಿಯರ ಹನ್ನೆರಡು ವಾರಗಳ ವ್ಯಾಯಾಮ

"ದಿನಾ ಬೆಳಿಗ್ಗೆ ಪಾರ್ಕಲ್ಲಿ ಐದು ರೌಂಡ್ ಹಾಕ್ತೀನಲ್ಲ, ಇನ್ನೇನು ವ್ಯಾಯಾಮ ಬೇಕು?" ತಂಡಕ್ಕೆ ಹೊಸದಾಗಿ ಸೇರುವ ಹಿರಿಯರಲ್ಲಿ ಬಹಳ ಮಂದಿ ಹೇಳುವುದು ಇದನ್ನೇ. ನಾವು ವಾದ ಮಾಡುವುದಿಲ್ಲ. ಒಂದು ಕುರ್ಚಿ ಹಾಕಿ ಕೂರಿಸಿ, "ಎರಡೂ ಕೈ ಎದೆ ಮೇಲೆ ಕಟ್ಕೊಂಡು ಎದ್ದು ನಿಲ್ಲಿ ಸಾರ್" ಅನ್ನುತ್ತೇವೆ. ಆಗ ಅವರ ಕೈಗಳನ್ನು ಗಮನಿಸಬೇಕು. ಎದೆಯ ಮೇಲಿದ್ದ ಕೈ ಅವರಿಗೇ ಗೊತ್ತಾಗದಂತೆ ಕೆಳಗಿಳಿದು ಮಂಡಿಗೆ ಬರುತ್ತದೆ, ಅಂಗೈ ಚಿಪ್ಪನ್ನು ಒತ್ತುತ್ತದೆ, ಎರಡೂ ಮಂಡಿ ಒಳಕ್ಕೆ ವಾಲಿ ಒಂದಕ್ಕೊಂದು ತಾಗುತ್ತವೆ, ಪೃಷ್ಠ ಎರಡು ಅಂಗುಲ ಮೇಲೆದ್ದು ಮತ್ತೆ ಕುರ್ಚಿಗೆ ಬೀಳುತ್ತದೆ. ವಾಕಿಂಗ್‌ನಿಂದ ಹೃದಯಕ್ಕೂ ಉಸಿರಿಗೂ ಒಳ್ಳೆಯದಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಸಮನೆಲದ ನಡಿಗೆಯಲ್ಲಿ ತೊಡೆಗೆ ಬೀಳುವ ಭಾರ ಕಡಿಮೆ. ಬಚ್ಚಲಿನ ಸ್ಟೂಲಿನಿಂದ ಏಳುವುದಕ್ಕೆ, ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ, ಎಡವಿದಾಗ ಇನ್ನೊಂದು ಕಾಲು ಥಟ್ಟನೆ ಮುಂದಿಟ್ಟು ನಿಲ್ಲುವುದಕ್ಕೆ ಬೇಕಾದ ಬಲ ಅದರಿಂದ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ 65 ದಾಟಿದವರಿಗೆ ಮೂರು ಬೇರೆ ಬೇರೆ ಕೆಲಸ ಹೇಳುತ್ತದೆ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ನಡಿಗೆ ಅಥವಾ ಅಂಥದ್ದು, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲಕ್ಕೆ ಒತ್ತು ಕೊಡುವ ಮಿಶ್ರ ವ್ಯಾಯಾಮ. ನಮ್ಮ ಕಡೆ ಮೊದಲನೆಯದು ಬೇಕಾದಷ್ಟು ನಡೆಯುತ್ತದೆ, ಉಳಿದೆರಡು ನಡೆಯುವುದೇ ಇಲ್ಲ. ಮೈಸೂರಿನ ಬಡಾವಣೆಯೊಂದರ ಸಮುದಾಯ ಭವನದಲ್ಲಿ ಫಿಸಿಯೋಥೆರಪಿಸ್ಟರಾದ ನಾವು ನಡೆಸುವ ಹನ್ನೆರಡು ವಾರಗಳ ತರಬೇತಿ ಆ ಎರಡಕ್ಕಾಗಿಯೇ. ಸೋಮವಾರ, ಬುಧವಾರ, ಶುಕ್ರವಾರ ತಲಾ 50 ನಿಮಿಷ. ಒಂದು ತಂಡಕ್ಕೆ 12 ಜನ, ನೋಡಿಕೊಳ್ಳಲು ಇಬ್ಬರು. ಮಧ್ಯದ ಬಿಡುವಿನ ದಿನವನ್ನು ಯಾರಾದರೂ ಉತ್ಸಾಹದಿಂದ ತುಂಬಿಸಲು ಹೋದರೆ ತಡೆಯುತ್ತೇವೆ. ಸ್ನಾಯು ಸುಧಾರಿಸಿಕೊಂಡು ಬಲಿಯುವುದು ಆ ಬಿಡುವಿನಲ್ಲೇ.

ಮೊದಲ ದಿನ ವ್ಯಾಯಾಮ ಇಲ್ಲ, ಬರೀ ವಿಚಾರಣೆ ಮತ್ತು ಅಳತೆ. ಮಾತ್ರೆಗಳ ಚೀಟಿಯನ್ನೇ ತರಲು ಹೇಳುತ್ತೇವೆ, ಏಕೆಂದರೆ "ಬಿಪಿಗೆ ಒಂದು, ಶುಗರಿಗೆ ಎರಡು" ಎಂಬ ಉತ್ತರ ಸಾಲದು. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂದು ಕೇಳಿದರೆ "ಇಲ್ಲ" ಅನ್ನುತ್ತಾರೆ; "ಕಾಲು ಜಾರಿ ಕೂತದ್ದು, ಬಚ್ಚಲಲ್ಲಿ ಗೋಡೆ ಹಿಡಿದು ಉಳಿದದ್ದು?" ಎಂದರೆ ಎರಡು ಮೂರು ಸಲದ್ದು ಹೊರಬರುತ್ತದೆ. ಆಮೇಲೆ ಐದು ನಿಮಿಷ ಮಲಗಿಸಿ ಬಿಪಿ ನೋಡುತ್ತೇವೆ, ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡುತ್ತೇವೆ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಅವರು ಮೊದಲು ತಮ್ಮ ಡಾಕ್ಟರನ್ನು ಕಂಡು ಬರಬೇಕು. ಆ ತಲೆಸುತ್ತಿಗೆ ಕಾರಣ ಕಾಲಿನ ದೌರ್ಬಲ್ಯವೇ ಆಗಿರಬೇಕಿಲ್ಲ, ಮಾತ್ರೆಯ ಪ್ರಮಾಣವೂ ಇರಬಹುದು. ಕೂತಾಗಲೇ 180/110 ಮೀರಿದ್ದರೆ ಅಂದು ವ್ಯಾಯಾಮ ಮಾಡಿಸುವುದಿಲ್ಲ, ಮನೆಗೆ ಕಳಿಸುತ್ತೇವೆ.

ಅಳತೆ ಮೂರು. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈಗಳಿಲ್ಲದ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂಬುದು ಮೊದಲನೆಯದು. ಕೈ ಊರಿದರೆ ಲೆಕ್ಕ ಸೊನ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪಟ್ಟಿಯ ಪ್ರಕಾರ 70ರಿಂದ 74ರ ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯವಿದೆ ಎಂದರ್ಥ. ಎರಡನೆಯದರಲ್ಲಿ ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚಾದರೆ ಎಚ್ಚರ. ಇಲ್ಲಿ ಗಡಿಯಾರದಷ್ಟೇ ತಿರುಗುವ ರೀತಿಯನ್ನೂ ನೋಡಬೇಕು. ಗಟ್ಟಿ ಕಾಲಿನವರು ಎರಡು ಮೂರು ಹೆಜ್ಜೆಯಲ್ಲಿ ತಿರುಗುತ್ತಾರೆ, ಭಯವಿರುವವರು ಪುಟ್ಟ ಪುಟ್ಟ ಏಳೆಂಟು ಹೆಜ್ಜೆ ಇಡುತ್ತಾರೆ. ಮೂರನೆಯದು ನಿಲ್ಲುವ ಪರೀಕ್ಷೆ: ಪಾದಗಳನ್ನು ಜೋಡಿಸಿ, ಆಮೇಲೆ ಒಂದನ್ನು ಅರ್ಧ ಮುಂದಿಟ್ಟು, ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಒಂದೇ ಗೆರೆಯಲ್ಲಿ, ಕೊನೆಗೆ ಒಂಟಿ ಕಾಲಲ್ಲಿ, ಒಂದೊಂದೂ 10 ಸೆಕೆಂಡ್. ಮೂರನೆಯ ನಿಲುವಿನಲ್ಲೇ ಹತ್ತು ಸೆಕೆಂಡ್ ಮುಟ್ಟದವರನ್ನು ಮೊದಲ ಆರು ವಾರ ನಮ್ಮ ಪಕ್ಕದಲ್ಲೇ ನಿಲ್ಲಿಸಿಕೊಳ್ಳುತ್ತೇವೆ.

ಸಲಕರಣೆ ಹೆಚ್ಚೇನಿಲ್ಲ, ಆದರೆ ಇದ್ದುದರಲ್ಲೇ ಎಡವಟ್ಟಾಗುತ್ತದೆ. ಪ್ಲಾಸ್ಟಿಕ್ ಕುರ್ಚಿ ಗ್ರಾನೈಟ್ ನೆಲದ ಮೇಲೆ ಏಳುವ ರಭಸಕ್ಕೆ ಹಿಂದಕ್ಕೆ ಸರಿಯುತ್ತದೆ, ಮತ್ತೆ ಕೂರುವಾಗ ಅಲ್ಲಿ ಕುರ್ಚಿ ಇರುವುದಿಲ್ಲ. ಪ್ರತಿ ಕುರ್ಚಿಯ ಬೆನ್ನೂ ಗೋಡೆಗೆ ತಾಗಿರಲೇಬೇಕು. ಕಾಲುಚೀಲ ಮಾತ್ರ ಹಾಕಿಕೊಂಡು ನುಣುಪು ನೆಲದಲ್ಲಿ ನಿಲ್ಲಬಾರದು. ಹವಾಯಿ ಚಪ್ಪಲಿ ಬೇಡ. ಒಣ ನೆಲವಿದ್ದರೆ ಬರಿಗಾಲು ಆಗಬಹುದು, ಶುಗರಿನಿಂದ ಪಾದಕ್ಕೆ ಜೋಮು ಹಿಡಿದವರಿಗೆ ಹಿಂಬದಿ ಮುಚ್ಚಿದ ಶೂ ಕಡ್ಡಾಯ. ಸೀರೆಯ ನೆರಿಗೆಯನ್ನು ಎರಡು ಅಂಗುಲ ಮೇಲೆ ಕಟ್ಟಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು, ಹಿಂದಕ್ಕೆ ಹೆಜ್ಜೆ ಇಡುವಾಗ ಅಂಚು ಹಿಮ್ಮಡಿಗೆ ಸಿಕ್ಕಿದರೆ ಹಿಡಿದುಕೊಳ್ಳಲೂ ಸಮಯ ಸಿಗುವುದಿಲ್ಲ. ಎರಡು ನೋಟದ ಕನ್ನಡಕದವರಿಗೆ ಕೆಳಗಿನ ಗಾಜಿನಲ್ಲಿ ನೆಲ ಮಸುಕಾಗಿ ಕಾಣುತ್ತದೆ. ಹೆಜ್ಜೆಯ ಆಟಕ್ಕೆ ದೂರದೃಷ್ಟಿಯ ಕನ್ನಡಕ ಬೇರೆ ಇದ್ದರೆ ಅದನ್ನೇ ಹಾಕಿಸುತ್ತೇವೆ.

ಕಾಲಿಗೆ ಕಟ್ಟುವ ಭಾರವನ್ನು ಮನೆಯಲ್ಲೇ ಹೊಲಿಯಬಹುದು. ಹಳೆಯ ಪ್ಯಾಂಟಿನ ಕಾಲಿನ ಬಟ್ಟೆಯನ್ನು ಎರಡು ಪದರ ಮಾಡಿ ಹನ್ನೆರಡು ಅಂಗುಲ ಉದ್ದದ ಪಟ್ಟಿಗೆ ನಾಲ್ಕು ಕಿಸೆ ಹೊಲಿದು, ಜರಡಿ ಹಿಡಿದು ಬಿಸಿಲಲ್ಲಿ ಒಣಗಿಸಿದ ಮರಳನ್ನು 125 ಗ್ರಾಂನಂತೆ ಪುಟ್ಟ ಪ್ಲಾಸ್ಟಿಕ್ ಕವರಿಗೆ ತುಂಬಿ ಒಂದೊಂದು ಕಿಸೆಗೆ ಹಾಕಿದರೆ ಅರ್ಧ ಕೆಜಿಯ ಪಟ್ಟಿ ಸಿದ್ಧ. ತುದಿಗೆ ವೆಲ್ಕ್ರೋ. ಹಸಿ ಮರಳು ತುಂಬಿದರೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಪಾದ ಊದಿಕೊಂಡವರಿಗೆ, ಗಾಯವಿದ್ದವರಿಗೆ ಇದನ್ನು ಕಟ್ಟಬಾರದು.

ಮೊದಲ ನಾಲ್ಕು ವಾರ ಕಾಲಿನದೇ ಕೆಲಸ. ಇದರ ತಳಹದಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಕ್ರಮ. ಮನೆಯಲ್ಲೇ ಮಾಡುವ ಆ 17 ವ್ಯಾಯಾಮಗಳು ಬೀಳುವುದನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದವು. ಕೂತು ಮಂಡಿ ನೀಡುವುದು, ಕುರ್ಚಿಯ ಬೆನ್ನು ಹಿಡಿದು ನಿಂತು ಮಂಡಿ ಹಿಂದಕ್ಕೆ ಮಡಚುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ತುದಿಗಾಲಲ್ಲಿ ಏಳುವುದು, ಹಿಮ್ಮಡಿಯ ಮೇಲೆ ನಿಂತು ಬೆರಳೆತ್ತುವುದು. ಒಂದೊಂದೂ ಹತ್ತು ಸಲ, ಒಂದೆರಡು ನಿಮಿಷ ಬಿಟ್ಟು ಮತ್ತೆ ಹತ್ತು. ಭಾರ ಎಷ್ಟಿರಬೇಕೆಂದರೆ ಎಂಟರಿಂದ ಹತ್ತನೆಯ ಸಲಕ್ಕೆ ಬರುವಾಗ "ಇನ್ನಾಗಲ್ಲಪ್ಪ" ಅನ್ನಿಸಬೇಕು, ಆದರೆ ಕ್ರಮ ಕೆಡಬಾರದು. ಕಾಲನ್ನು ಪಕ್ಕಕ್ಕೆ ಎತ್ತುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಸೊಂಟವನ್ನು ಇನ್ನೊಂದು ಬದಿಗೆ ವಾಲಿಸಿ ಕಾಲನ್ನು ಎತ್ತರಕ್ಕೆ ಒಯ್ಯುವುದು. ಕಾಲು ಒಂದು ಅಡಿ ಹೋದರೆ ಸಾಕು, ಪಾದದ ಬೆರಳು ನೇರ ಮುಂದಕ್ಕೆ ನೋಡುತ್ತಿರಲಿ. ಬೆರಳು ಹೊರಕ್ಕೆ ತಿರುಗಿದ ಕೂಡಲೇ ಕೆಲಸ ಸೊಂಟದ ಬದಿಯ ಸ್ನಾಯುವಿನಿಂದ ತೊಡೆಯ ಮುಂಭಾಗಕ್ಕೆ ಜಾರುತ್ತದೆ.

ಕುರ್ಚಿಯಿಂದ ಏಳುವುದಕ್ಕೇ ನಾವು ಹೆಚ್ಚು ಹೊತ್ತು ಕೊಡುವುದು. ಮುಂದಕ್ಕೆ ಸರಿದು ಕುರ್ಚಿಯ ಅಂಚಿನಲ್ಲಿ ಕೂರಬೇಕು, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವ ತನಕ ಬಾಗಿ, ಆಮೇಲೆ ಏಳಬೇಕು. "ಅಮ್ಮಾ, ಕಾಲು ಇನ್ನೂ ಸ್ವಲ್ಪ ಹಿಂದಕ್ಕೆ ತಗೊಳ್ಳಿ" ಎಂಬ ಒಂದೇ ಮಾತಿಗೆ ಅರ್ಧ ಜನ ಅಲ್ಲೇ ಎದ್ದು ನಿಲ್ಲುತ್ತಾರೆ. ಆಗದವರಿಗೆ ಎರಡು ಮಡಚಿದ ಜಮಖಾನೆ ಹಾಕಿ ಕುರ್ಚಿಯನ್ನು ಎತ್ತರಿಸುತ್ತೇವೆ, ವಾರಕ್ಕೊಂದು ಮಡಿಕೆ ತೆಗೆಯುತ್ತೇವೆ. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸಿಕೊಂಡು ಇಳಿಯಬೇಕು. ಬಲ ಬೆಳೆಯುವುದರಲ್ಲಿ ಈ ಇಳಿತದ ಪಾಲು ದೊಡ್ಡದು. ಎಣಿಕೆ ಗಟ್ಟಿಯಾಗಿ ಬಾಯಿಬಿಟ್ಟೇ ಆಗಬೇಕು. ಎಣಿಸುವವರು ಉಸಿರು ಬಿಗಿಹಿಡಿಯಲಾರರು, ಉಸಿರು ಬಿಗಿಹಿಡಿದರೆ ಬಿಪಿ ಏಕಾಏಕಿ ಏರುತ್ತದೆ.

ಭಾರ ಏರಿಸುವ ನಿಯಮ ಸರಳ. ಸತತ ಎರಡು ದಿನ ಎರಡೂ ಸುತ್ತಿನ ಹತ್ತು ಹತ್ತು ಸುಲಭವಾಗಿ ಮುಗಿದರೆ ಅರ್ಧ ಕೆಜಿ ಸೇರಿಸಬೇಕು. ಹಿರಿಯರ ವ್ಯಾಯಾಮ ಹೆಚ್ಚಾಗಿ ಸೋಲುವುದು ಇಲ್ಲೇ. ಮೊದಲ ವಾರದ ಭಾರವನ್ನೇ ಒಂದು ವರ್ಷ ಎತ್ತಿಸುತ್ತಾ "ವಯಸ್ಸಾಗಿದೆ, ಸಾಕು ಬಿಡಿ" ಅನ್ನುವ ಕಕ್ಕುಲಾತಿಯನ್ನು ಮನೆಯಲ್ಲೂ ನೋಡುತ್ತೇವೆ, ತರಬೇತಿ ಕೊಡುವವರಲ್ಲೂ ನೋಡುತ್ತೇವೆ. ಎಂಬತ್ತರ ಸ್ನಾಯುವೂ ಭಾರ ಕೊಟ್ಟರೆ ಬೆಳೆಯುತ್ತದೆ, ಕೊಡದಿದ್ದರೆ ಕರಗುತ್ತದೆ. ಜೊತೆಗೆ ಊಟದಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ ಕಾಣಬೇಕು. ರಾತ್ರಿ ಒಂದು ಲೋಟ ಗಂಜಿ ಕುಡಿದು ಮಲಗುವವರ ಕಾಲಿಗೆ ಎಷ್ಟು ಮರಳು ಕಟ್ಟಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ವಿಷಯವನ್ನು ಡಾಕ್ಟರ ಹತ್ತಿರ ಕೇಳಿಯೇ ನಿರ್ಧರಿಸಲಿ.

ನೋವಿನ ಬಗ್ಗೆ ಒಂದು ಮಾತು. ತೊಡೆ, ಮೀನಖಂಡ ಒಂದೆರಡು ದಿನ ನೋಯುವುದು ಸಹಜ. ಮಂಡಿಯ ಕೀಲು ಮರುದಿನ ಬೆಳಿಗ್ಗೆಯೂ ನೋಯುತ್ತಿದ್ದರೆ, ಊದಿದ್ದರೆ, ಭಾರ ಹೆಚ್ಚಾಯಿತು ಎಂದರ್ಥ. ಅರ್ಧಕ್ಕೆ ಇಳಿಸಿ ಮುಂದುವರಿಸಬೇಕು. ಸವೆದ ಮಂಡಿಯವರು ಪೂರ್ತಿ ನಿಲ್ಲಿಸಿ ಕೂತರೆ ತೊಡೆ ಸೊರಗಿ ಮಂಡಿಯ ಮೇಲಿನ ಹೊರೆ ಇನ್ನಷ್ಟಾಗುತ್ತದೆ.

ಸಮತೋಲವನ್ನು ಎರಡನೆಯ ವಾರದಿಂದ ಸೇರಿಸುತ್ತೇವೆ. ಮನೆಯಲ್ಲಿ ಮಾಡುವವರಿಗೆ ಅತ್ಯುತ್ತಮ ಜಾಗ ಅಡುಗೆಮನೆಯ ಕಟ್ಟೆ, ಸೊಂಟದೆತ್ತರಕ್ಕೆ ಗಟ್ಟಿಯಾಗಿರುತ್ತದೆ, ಅಲ್ಲಾಡುವುದಿಲ್ಲ. ಎರಡು ಕೈ ಹಿಡಿದು ಶುರು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು, ಆಮೇಲೆ ಕಟ್ಟೆಯಿಂದ ಎರಡು ಅಂಗುಲ ಮೇಲೆ ಕೈ ತೇಲಿಸಿಕೊಂಡು. ಪಕ್ಕಕ್ಕೆ ನಡೆಯುವುದು, ಹಿಂದಕ್ಕೆ ನಡೆಯುವುದು, ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಎಂಟರ ಆಕಾರದಲ್ಲಿ ತಿರುಗುವುದು. ಸ್ವಲ್ಪ ಅಲ್ಲಾಡಲೇಬೇಕು. ಅಲ್ಲಾಡದೆ ನಿಂತರೆ ದೇಹಕ್ಕೆ ಕಲಿಯಲು ಏನೂ ಇಲ್ಲ. ಸಹಾಯಕರು ತೋಳು ಹಿಡಿದರೆ ಹಿರಿಯರು ತಮ್ಮ ಭಾರವನ್ನೆಲ್ಲ ಆ ತೋಳಿಗೇ ಒಪ್ಪಿಸಿಬಿಡುತ್ತಾರೆ. ಆದ್ದರಿಂದ ಅರ್ಧ ಹೆಜ್ಜೆ ಹಿಂದೆ, ಪಕ್ಕಕ್ಕೆ ನಿಂತು ಸೊಂಟದ ಹತ್ತಿರ ಕೈ ಸಿದ್ಧವಾಗಿಟ್ಟುಕೊಳ್ಳಬೇಕು, ಮುಟ್ಟಬಾರದು.

ಐದನೆಯ ವಾರದಿಂದ ಮಿದುಳಿಗೂ ಕೆಲಸ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಒಂದು ಸಣ್ಣ ಸಂಗತಿ ಗುರುತಿಸಿದರು: ನಡೆಯುತ್ತಿರುವಾಗ ಮಾತಾಡಿಸಿದರೆ ಮಾತಿಗಾಗಿ ನಿಂತುಬಿಡುವ ಹಿರಿಯರು ಮುಂದೆ ಬೀಳುವ ಸಾಧ್ಯತೆ ಹೆಚ್ಚು. ನಡಿಗೆಗೇ ಮನಸ್ಸಿನ ಪೂರ್ತಿ ಗಮನ ಖರ್ಚಾಗುತ್ತಿದೆ ಎಂಬುದರ ಗುರುತು ಅದು. ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡುವ ಅಭ್ಯಾಸ ಬೇಕು. ಆದರೆ ಕಾಲು ಗಟ್ಟಿಯಾಗುವ ಮೊದಲೇ ಲೆಕ್ಕ ಕೇಳಿದರೆ ಬೀಳುತ್ತಾರೆ. ನಾಲ್ಕು ವಾರ ಕಾಯುವುದು ಅದಕ್ಕೇ.

ಜಪಾನಿನಲ್ಲಿ ಶಿಗೆಮಾತ್ಸು ಮತ್ತು ಒಕುರಾ ಎಂಬ ಸಂಶೋಧಕರು ರೂಪಿಸಿದ ಚೌಕದ ಹೆಜ್ಜೆ ನಮ್ಮ ಹಿರಿಯರಿಗೆ ಒಂದೇ ದಿನದಲ್ಲಿ ಹಿಡಿಸಿಬಿಡುತ್ತದೆ, ಕುಂಟೆಬಿಲ್ಲೆ ಆಡಿದ ಕಾಲುಗಳಲ್ಲವೇ. ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಜಾಗವನ್ನು 25 ಸೆಂಟಿಮೀಟರಿನ 40 ಮನೆಗಳಾಗಿ ಮಾಡುತ್ತಾರೆ: ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಹತ್ತು. ಗೆರೆ ತುಳಿಯಬಾರದು. ನಾವು ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ರಂಗೋಲಿ ಪುಡಿಯಲ್ಲಿ ಎಂದೂ ಎಳೆಯಬಾರದು, ಟೈಲ್ಸ್ ಮೇಲೆ ಅದು ಕಾಲಡಿಯಲ್ಲಿ ಉರುಳುತ್ತದೆ. ಮನೆಯಲ್ಲಿ ಎರಡಡಿ ಟೈಲ್ಸ್ ಇದ್ದರೆ ನಡುವೆ ಕೂಡುವ ಚಿಹ್ನೆಯಂತೆ ಕಾಗದದ ಟೇಪು ಅಂಟಿಸಿದರೆ ಒಂದು ಅಡಿಯ ನಾಲ್ಕು ಮನೆಗಳು ತಾವಾಗಿ ಸಿಗುತ್ತವೆ. ದೊಡ್ಡ ಪಾದದವರಿಗೆ ಅದೇ ವಾಸಿ.

ಒಂದು ನಡೆಯನ್ನು ಹತ್ತಿರದಿಂದ ನೋಡೋಣ. ಅಡ್ಡಸಾಲಿನ ಮನೆಗಳಿಗೆ ಎಡದಿಂದ ಒಂದು, ಎರಡು, ಮೂರು, ನಾಲ್ಕು ಎಂದು ಹೆಸರಿಟ್ಟುಕೊಳ್ಳಿ. ಮೊದಲ ಸಾಲಿನಲ್ಲಿ ಎಡಗಾಲು ಎರಡರಲ್ಲಿ, ಬಲಗಾಲು ಮೂರರಲ್ಲಿ. ಎರಡನೆಯ ಸಾಲಿಗೆ ಬಲಗಾಲು ಮೊದಲು ನಾಲ್ಕಕ್ಕೆ, ಹಿಂದೆಯೇ ಎಡಗಾಲು ಮೂರಕ್ಕೆ. ಮೂರನೆಯ ಸಾಲಿಗೆ ಎಡಗಾಲು ಮೊದಲು ಎರಡಕ್ಕೆ, ಬಲ ಮೂರಕ್ಕೆ. ನಾಲ್ಕನೆಯದಕ್ಕೆ ಮತ್ತೆ ಎಡಗಾಲೇ ಮೊದಲು, ಒಂದಕ್ಕೆ, ಬಲ ಎರಡಕ್ಕೆ. ಐದನೆಯದಕ್ಕೆ ಬಲ ಮೊದಲು. ಯಾವ ಕಡೆ ಹೋಗಬೇಕೋ ಆ ಕಡೆಯ ಕಾಲು ಮೊದಲು, ಇಷ್ಟೇ ಗುಟ್ಟು. ಆದರೆ ಅದನ್ನು ಬಾಯಲ್ಲಿ ಹೇಳಿಕೊಡುವುದಿಲ್ಲ. ಒಮ್ಮೆ ನಡೆದು ತೋರಿಸಿ, "ನೋಡಿಕೊಂಡ್ರಾ? ಈಗ ನೀವು" ಅನ್ನುತ್ತೇವೆ. ನಾಲ್ಕನೆಯ ಸಾಲಿನಲ್ಲಿ ಬಹಳಷ್ಟು ಮಂದಿಯ ಕಾಲು ನಿಂತೇಬಿಡುತ್ತದೆ. ಬಲಗಾಲು ಎದ್ದು, ಗಾಳಿಯಲ್ಲೇ ತಪ್ಪೆಂದು ತಿಳಿದು, ವಾಪಸ್ ಬಂದು, ಎಡಗಾಲು ಹೊರಡುತ್ತದೆ. ಆ ಅರೆಗಳಿಗೆಯಲ್ಲಿ ಬಾಯಿ ಹಾಕಬಾರದು, ನಮಗೆ ಬೇಕಾದ ಕೆಲಸ ನಡೆಯುತ್ತಿರುವುದು ಅಲ್ಲೇ. ತಪ್ಪಿಲ್ಲದೆ ಎರಡು ಸಲ ಮುಗಿಸಿದರೆ ಆ ನಡೆ ಹಳೆಯದಾಯಿತು, ಹೊಸದನ್ನು ಕೊಡಬೇಕು.

ಮಾತಿನ ಭಾಗಕ್ಕೂ ಇದೇ ನಿಯಮ. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ಇಪ್ಪತ್ತೇಳು ನಕ್ಷತ್ರಗಳನ್ನು ಒಪ್ಪಿಸುತ್ತಾ ನಡೆಯುವುದು ಬಾಯಿಪಾಠ, ಅದರಲ್ಲಿ ಮನಸ್ಸಿಗೆ ಶ್ರಮವಿಲ್ಲ. ರೇವತಿಯಿಂದ ಹಿಂದಕ್ಕೆ ಹೇಳಿ ಎಂದರೆ ಪೂರ್ವಾಭಾದ್ರ ದಾಟುವಷ್ಟರಲ್ಲಿ ಹೆಜ್ಜೆ ನಿಧಾನವಾಗುತ್ತದೆ. ನಕ್ಷತ್ರ ಗೊತ್ತಿಲ್ಲದವರಿಗೆ ಬೆಂಗಳೂರು ಬಸ್ಸಿನ ಹಾದಿ: ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ. ಒಂದು ಊರು ಬಿಟ್ಟು ಒಂದು ಊರು ಹೇಳುತ್ತಾ ನಡೆಯಬೇಕು, ವಾಪಸ್ ಬರುವಾಗ ಬಿಟ್ಟ ಊರುಗಳನ್ನು ಹೇಳಬೇಕು. ಜಪಾನಿನ ಹಿರಿಯರ ಆರೋಗ್ಯ ಕೇಂದ್ರದ ಕಾಗ್ನಿಸೈಸ್ ಕ್ರಮದಿಂದ ತೆಗೆದುಕೊಂಡ ಆಟ ಇನ್ನೊಂದು: ನಿಂತಲ್ಲೇ ಹೆಜ್ಜೆ ಹಾಕುತ್ತಾ ಎಣಿಸುವುದು, ಮೂರು, ಆರು, ಒಂಬತ್ತು ಬಂದಾಗ ಸಂಖ್ಯೆ ಹೇಳದೆ ಚಪ್ಪಾಳೆ. ಎಲ್ಲರೂ ತಪ್ಪುತ್ತಾರೆ, ಎಲ್ಲರೂ ನಗುತ್ತಾರೆ. ತಪ್ಪೇ ಬಾರದ ದಿನ ನಾಲ್ಕರ ಮಗ್ಗಿಗೆ ಹೋಗುತ್ತೇವೆ. ಹತ್ತನೆಯ ವಾರದ ಹೊತ್ತಿಗೆ ಕೋಲಾಟ ಹಾಕಿಸಬಹುದು. ತಾಳ, ಹೆಜ್ಜೆ, ಎದುರಿನವರ ಕೋಲು, ಮೂರನ್ನೂ ಒಟ್ಟಿಗೆ ಹಿಡಿಯಬೇಕಾದ ಇದಕ್ಕಿಂತ ಒಳ್ಳೆಯ ವ್ಯಾಯಾಮ ನಮಗೆ ಗೊತ್ತಿಲ್ಲ. ಲೆಕ್ಕ ಹೇಳುತ್ತಾ ಯಾರಾದರೂ ಪೂರ್ತಿ ನಿಂತುಬಿಟ್ಟರೆ, ಅಥವಾ ಕಾಲೆಳೆಯತೊಡಗಿದರೆ, ಪ್ರಶ್ನೆಯನ್ನು ಸುಲಭ ಮಾಡಬೇಕು. ಹೆಜ್ಜೆಯ ಭದ್ರತೆ ಮೊದಲು.

ಇದರಿಂದ ಮರೆವು ಹೋಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಹೋಗುತ್ತದೆಂದು ಮಾತು ಕೊಡುವುದು ತಪ್ಪು. 2011ರಲ್ಲಿ ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದಂತೆ ಒಂದು ವರ್ಷ ನಡೆದವರ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ಸುಮಾರು ಶೇ. 2ರಷ್ಟು ಬೆಳೆದಿತ್ತು. ಆದರೆ 70ರಿಂದ 89 ವಯಸ್ಸಿನ 1,635 ಜನರನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನದಲ್ಲಿ ವ್ಯಾಯಾಮದಿಂದ ಓಡಾಟದ ಶಕ್ತಿ ಉಳಿಯಿತು, ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಎರಡು ವರ್ಷದ ಬಳಿಕವೂ ವ್ಯತ್ಯಾಸ ಕಾಣಲಿಲ್ಲ. ಫಿನ್ಲೆಂಡಿನಲ್ಲಿ 1,260 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಫಿಂಗರ್ ಅಧ್ಯಯನ ವ್ಯಾಯಾಮ, ಊಟ, ಮಿದುಳಿನ ಅಭ್ಯಾಸ, ಬಿಪಿ ಮತ್ತು ಶುಗರ್ ನಿಗಾ ನಾಲ್ಕನ್ನೂ ಒಟ್ಟಿಗೆ ಮಾಡಿಸಿ ಲಾಭ ತೋರಿಸಿತು. ಆದ್ದರಿಂದ ನಾವು ಒಂಟಿ ಔಷಧದಂತೆ ವ್ಯಾಯಾಮವನ್ನು ಮಾರುವುದಿಲ್ಲ. ಬಿಪಿ ಪುಸ್ತಕವನ್ನೂ ತೆಗೆಸಿ ನೋಡುತ್ತೇವೆ, ಕಿವಿ ಕೇಳಿಸದವರನ್ನು ಕಿವಿ ಪರೀಕ್ಷೆಗೂ ಕಳಿಸುತ್ತೇವೆ.

ಈಗಾಗಲೇ ಮರೆವಿನ ಕಾಯಿಲೆ ಶುರುವಾದವರಿಗೆ ಕ್ರಮ ಬೇರೆ. ಅದೇ ಜಾಗ, ಅದೇ ಕುರ್ಚಿ, ಅದೇ ಅನುಕ್ರಮ. ಒಂದು ಸಲಕ್ಕೆ ಒಂದೇ ಸೂಚನೆ. "ಎದ್ದು, ತಿರುಗಿ, ಅಲ್ಲಿ ಹೋಗಿ ನಿಲ್ಲಿ" ಎಂದರೆ ಕಳೆದುಹೋಗುತ್ತಾರೆ. ಎದುರಿಗೆ ಕೂತು ನಾವೇ ಎದ್ದರೆ ಅವರೂ ಏಳುತ್ತಾರೆ. ಅವರಿಗೆ ಹಿಂದಿನಿಂದ ಹೇಳಿಸುವ ಆಟ ಬೇಡ, ಗೊತ್ತಿರುವ ದೇವರನಾಮಕ್ಕೆ ಹೆಜ್ಜೆ ಹಾಕಿಸಿದರೆ ಮುಖ ಅರಳುತ್ತದೆ, ಕಾಲೂ ನಡೆಯುತ್ತದೆ.

ನಮ್ಮಲ್ಲಿ ಪದೇ ಪದೇ ಆಗುವ ಅವಘಡ ಶುಗರ್ ಇಳಿಯುವುದು. ತಿಂಡಿಗೆ ಮುಂಚಿನ ಮಾತ್ರೆ ನುಂಗಿ, "ಬಂದ ಮೇಲೆ ತಿಂದರಾಯ್ತು" ಎಂದು ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಅರ್ಧ ಗಂಟೆಗೆ ಬೆವರು, ನಡುಕ, ಎಣಿಕೆ ತಪ್ಪುವುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಶುಗರ್ 100ಕ್ಕಿಂತ ಕೆಳಗಿದ್ದರೆ ಮೊದಲು ಒಂದೆರಡು ಏಲಕ್ಕಿ ಬಾಳೆಹಣ್ಣು. 70ಕ್ಕಿಂತ ಇಳಿದಿದ್ದರೆ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಅಂದು ವ್ಯಾಯಾಮ ಇಲ್ಲ. ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ಎಂದೂ ಇಲ್ಲದ ಉಸಿರುಗಟ್ಟು ಕಂಡರೆ ಮನೆಗೆ ಕಳಿಸುವುದಲ್ಲ, ನೇರ ಆಸ್ಪತ್ರೆಗೆ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನೇ ತಗ್ಗಿಸುವುದರಿಂದ ಕೈಗಡಿಯಾರದ ನಾಡಿ ಸಂಖ್ಯೆ ನಂಬಿ ನಡಿಗೆಯ ವೇಗ ನಿರ್ಧರಿಸಬಾರದು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆ ವೇಗ ಸಾಕು. ಯೋಗ ಮಾಡುವವರಿಗೂ ಒಂದು ಎಚ್ಚರ: ಮೂಳೆ ಸವೆದವರು ಬೆನ್ನು ಗುಂಡಾಗಿಸಿ ಮುಂದಕ್ಕೆ ಬಾಗುವ ಆಸನ ಬಿಡಲಿ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರು ತಲೆ ಕೆಳಗಾಗುವ ಆಸನ ಬಿಡಲಿ.

ಕೊನೆಯ ಎರಡು ವಾರ ನೆಲದಿಂದ ಏಳುವ ಪಾಠ. ಬಿದ್ದ ಮೇಲೆ ಏಳಲಾಗದೆ ಗಂಟೆಗಟ್ಟಲೆ ನೆಲದಲ್ಲೇ ಉಳಿಯುವುದು ಬಿದ್ದ ಪೆಟ್ಟಿಗಿಂತ ಕೆಟ್ಟದ್ದು. ದಪ್ಪ ಜಮಖಾನೆ ಹಾಸಿ, ಪಕ್ಕದಲ್ಲಿ ಕುರ್ಚಿಯನ್ನು ಗೋಡೆಗೊರಗಿಸಿ ಇಡುತ್ತೇವೆ. ಮಗ್ಗುಲಾಗಬೇಕು, ಮೊಣಕೈ ಊರಿ ಅರ್ಧ ಏಳಬೇಕು, ಅಂಬೆಗಾಲಿಗೆ ಬರಬೇಕು, ಕುರ್ಚಿಯ ಹತ್ತಿರ ತೆವಳಿ ಎರಡೂ ಅಂಗೈ ಕೂರುವ ಜಾಗದ ಮೇಲಿಡಬೇಕು, ಬಲವಾದ ಕಾಲಿನ ಪಾದ ಮುಂದಕ್ಕೆ ಊರಿ ಎದ್ದು, ತಿರುಗಿ ಕೂರಬೇಕು. ಎದ್ದ ತಕ್ಷಣ ನಿಲ್ಲಬಾರದು, ಒಂದು ನಿಮಿಷ ಕೂತಿರಬೇಕು. ಮಂಡಿ ಊರಲಾಗದವರಿಗೆ ದಿಂಬು ಕೊಡುತ್ತೇವೆ. ಮಂಡಿ ಬದಲಾಯಿಸಿಕೊಂಡವರಿಗೆ ಅವರ ಸರ್ಜನ್ ಒಪ್ಪಿಗೆ ಬೇಕು.

ಹನ್ನೆರಡನೆಯ ವಾರದ ಶುಕ್ರವಾರ ಮೊದಲ ದಿನದ ಮೂರು ಅಳತೆಗಳೇ ಮತ್ತೆ: ಅದೇ ಕುರ್ಚಿ, ಅದೇ ಗೋಡೆ, ಬೆಳಗಿನ ಅದೇ ಹೊತ್ತು. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡುತ್ತೇವೆ, ಜೊತೆಗೆ ಮನೆಗೆ ನಾಲ್ಕೇ ವ್ಯಾಯಾಮ. ಗೌರಿಹಬ್ಬ, ದಸರಾ, ಮಗಳ ಮನೆ ಎಂದು ಒಂದು ತಿಂಗಳು ತಪ್ಪಿದವರು ವಾಪಸ್ ಬಂದಾಗ ಬಿಟ್ಟ ಭಾರದಿಂದ ಶುರು ಮಾಡಬಾರದು. ಒಂದು ಕೆಜಿ ಕಟ್ಟುತ್ತಿದ್ದವರು ಅರ್ಧ ಕೆಜಿ ಕಟ್ಟಿ, ಕುರ್ಚಿಗೆ ಒಂದು ಮಡಿಕೆ ಜಮಖಾನೆ ಹಾಕಿ, ಎರಡು ವಾರದಲ್ಲಿ ಹಳೆಯ ಜಾಗಕ್ಕೆ ಬರಬೇಕು.